ಕುಟ್ಟಬಾರದ ಹತ್ತು ದಿನ

ನೆಲ ನಡುಗಿದರೆ ಹೆದರುವುದನ್ನು ಬಡಗಿ ಬಿಟ್ಟು ಎರಡು ವರ್ಷವಾಗಿತ್ತು. ಉಳಿದಿದ್ದು ರೇಜಿಗೆ ಮಾತ್ರ. ವಾರಕ್ಕೆರಡು ಸಲ ನೆಲದೊಳಗಿಂದ ಗುಡುಗಿನಂಥ ಸದ್ದು, ಅದರ ಬೆನ್ನಿಗೇ ಸಣ್ಣ ನಡುಕ. ಐದು ನಿಮಿಷದಲ್ಲಿ ಫೋನು. ಯಾರದೋ ಮನೆಯ ಚೌಕಟ್ಟು ಕೂದಲೆಳೆಯಷ್ಟು ವಾಲಿ ಬಾಗಿಲು ಕಚ್ಚಿಕೊಂಡಿರುತ್ತಿತ್ತು. ಹೋಗಿ ಹತ್ತರಿಯಿಂದ ಅಂಚು ಹೆರೆದು ಬಂದರೆ, ಮುಂದಿನ ವಾರ ಬಾಗಿಲು ಸಡಿಲವಾಯಿತೆಂದು ಅದೇ ಮನೆಯವರ ದೂರು.

"ನೆಲಾನ ನಾನು ಅಲ್ಲಾಡಿಸ್ತಿದ್ದೀನಾ?" ಎಂದು ಅಕ್ಕನ ಮುಂದೆ ಹಾರಾಡುತ್ತಿದ್ದ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗಿದ್ದ ಅಕ್ಕ, "ಮೊದಲು ನಮ್ಮ ಬಚ್ಚಲ ಬಾಗಿಲು ನೋಡೋ ಮಹಾನುಭಾವ," ಅನ್ನುತ್ತಿದ್ದಳು.

ಅಷ್ಟರಲ್ಲಿ ಭೂಕಂಪ ಅಳೆಯುವ ಅಧಿಕಾರಿಯೊಬ್ಬರು ಬಂದರು. ಇಡೀ ಊರಲ್ಲಿ ಅವರಿಗೆ ಹಿಡಿಸಿದ್ದು ಬಡಗಿಯ ಕೆಲಸದ ಕೋಣೆಯ ನೆಲವೇ, ಅದರಡಿ ಬಂಡೆಯಿತ್ತಂತೆ. ಮೂಲೆಯಲ್ಲಿ ಡಬ್ಬಿಯಂಥ ಯಂತ್ರ ಇಟ್ಟು, "ಹತ್ತು ದಿನ ಇಲ್ಲಿ ಏನೂ ಕುಟ್ಟಬೇಡಿ," ಅಂದರು.

"ಸಾರ್, ನಾನು ಬಡಗಿ. ಕುಟ್ಟದೆ ಇನ್ನೇನು ಹಾಡು ಹೇಳ್ಲಾ?"

"ಊರಿಗೋಸ್ಕರ," ಅಂದರು. ಬಡಗಿ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿದ.

ಎಂಟು ದಿನ ನೆಲ ಪಿಟ್ಟೆನ್ನಲಿಲ್ಲ. ಅರ್ಧಕ್ಕೆ ನಿಂತ ಕಪಾಟಿನ ಮುಂದೆ ಅವನು ಕೈಕಟ್ಟಿ ಕೂತ. ಒಂಬತ್ತನೆಯ ದಿನ ಬೆಳಿಗ್ಗೆ ಢಂ ಎಂದಿತು. ಗೋಡೆಯಾಚೆಯ ಬಚ್ಚಲಿಂದ ಅಕ್ಕನ ಕೂಗು: "ಲೋ, ಬಾಗಿಲು ಬರ್ತಿಲ್ಲ ಕಣೋ!"

ಒಳಕ್ಕೆ ತೆರೆಯುವ ಬಾಗಿಲು, ಕೀಲೂ ಒಳಗಡೆ. ಓಡಿಹೋಗಿ ನೂಕಿದ. ಜಗ್ಗಲಿಲ್ಲ. ನೆಲ ಇನ್ನೊಮ್ಮೆ ನಡುಗಿತು. ಒಳಗೆ ಗಾರೆ ಉದುರಿದ ಸದ್ದಾಗಿ ಅಕ್ಕನ ದನಿ ನಿಂತಿತು. ಯಂತ್ರ, ಅಧಿಕಾರಿ, ಊರು ಎಲ್ಲ ಮರೆತು ಕೊಡಲಿ ತಂದು ಬಾರಿಸಿದ. ಆರನೆಯ ಏಟಿಗೆ ಹಲಗೆ ಸೀಳಿತು. ತಲೆ ತುಂಬ ಗಾರೆಪುಡಿ, ಸೀರೆ ಹೇಗೋ ಸುತ್ತಿಕೊಂಡು ಅಕ್ಕ ಹೊರಬಂದಳು. "ಊರವರ ಬಾಗಿಲೆಲ್ಲ ಸರಿ ಮಾಡ್ತೀಯ, ದೊಡ್ಡ ಮನುಷ್ಯ!" ಎಂದು ಬೈದವಳು, ಅವನ ಕೈ ಹಿಡಿದುಕೊಂಡು ಗಳಗಳ ಅತ್ತಳು.

ಮರುದಿನ ಅಧಿಕಾರಿ ಲ್ಯಾಪ್‌ಟಾಪ್ ನೋಡಿ ಬೆಚ್ಚಿದರು. "ಅಬ್ಬಾ, ಸಾಲಾಗಿ ಆರು ದೊಡ್ಡ ಕಂಪನ!"

"ಅದು ನಾನು ಸಾರ್."

ಅವರು ತಲೆಯ ಮೇಲೆ ಕೈಹೊತ್ತು, ಇನ್ನೂ ಹತ್ತು ದಿನ ಬೇಕು ಅಂದರು. ಬಡಗಿ ಡಬ್ಬಿಯನ್ನೇ ಎತ್ತಿ ಬೀದಿಗಿಡಲು ಹೊರಟ. ತಡೆದವಳು ಅಕ್ಕ. "ಇರಲಿ ಬಿಡೋ. ಕೆಳಗೇನಿದೆ ಅಂತ ನಂಗೂ ಗೊತ್ತಾಗ್ಲಿ."

ಗೊಣಗುತ್ತ ಸಾಮಾನು ಹೊತ್ತು, ದೂರದ ಬೀದಿಯಲ್ಲಿದ್ದ ಅಕ್ಕನ ಮೈದುನನ ಗ್ಯಾರೇಜಿನಲ್ಲಿ ಕೆಲಸ ಹೂಡಿದ. ತಿಂಗಳಾದ ಮೇಲೆ ಪತ್ರ ಬಂತು: ಕಂಪನಗಳು ಸಣ್ಣವು, ಸದ್ದಿಗೆ ಕಾರಣ ತಿಳಿದುಬಂದಿಲ್ಲ.

"ನನ್ನ ಕೇಳಿದ್ರೆ ಇಷ್ಟನ್ನ ನಾನೇ ಹೇಳ್ತಿದ್ದೆ," ಎಂದು ಪತ್ರ ಬಿಸಾಡಿದ.

ಸದ್ದು ಇವತ್ತಿಗೂ ನಿಂತಿಲ್ಲ. ಆದರೆ ಆಮೇಲೆ ಅವನು ಕೂರಿಸಿದ್ದೆಲ್ಲ ಹೊರಕ್ಕೆ ತೆರೆಯುವ ಬಾಗಿಲುಗಳೇ. ಕಚ್ಚಿಕೊಂಡರೂ ಹೊರಗಿಂದ ಕೀಲು ಬಿಚ್ಚಬಹುದು. ರಜೆಯಲ್ಲಿ ಶಾಲೆಯ ಹದಿನಾಲ್ಕು ಬಾಗಿಲನ್ನೂ ಹಾಗೇ ತಿರುಗಿಸಿ ಕೂರಿಸಿಬಿಟ್ಟ. "ಯಾರನ್ನ ಕೇಳಿ ಮಾಡಿದ್ರಿ?" ಎಂದು ಮುಖ್ಯೋಪಾಧ್ಯಾಯಿನಿ ರೇಗಿದರು.

"ನಮ್ಮಕ್ಕನ್ನ," ಅಂದ.