ಮತ್ತೆ ಮೇಲೆ ಬಾರದ ಹಾಡುಗಳು

ಪೊರಕೆ ಸಾಹೇಬರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಅಂತರ್ಜಾಲದ ಹಾಡುಗಳ್ಳರನ್ನು ಅಟ್ಟುವ ಕೆಲಸಕ್ಕೆ ಅದು ಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ಕದ್ದ ಹಾಡಿನ ಹೆಸರು ತಮ್ಮ ಧ್ವನಿಮುದ್ರಣ ಕಂಪನಿಯ ಹಾಡಿನ ಹೆಸರಿಗೆ ತಾಳೆಯಾದರೆ ತೆಗೆಸುವುದು, ಅಷ್ಟೇ. ಈ ವೃತ್ತಿಗೆ ಹೆಸರು ಹುಟ್ಟುವ ಮೊದಲೇ ಅದನ್ನು ಮಾಡಿದವರು, ಧ್ವನಿಮುದ್ರಿಕೆಗಳನ್ನು ಕಾಯುವ ವಿಭಾಗವನ್ನು ಬರಿಗೈಯಲ್ಲಿ ಕಟ್ಟಿದವರು ಅವರು. ಕದ್ದ ಹಾಡುಗಳನ್ನು ಗುಡಿಸಿ ಗುಡಿಸಿ ಬಂದ ‘ಪೊರಕೆ’ ಎಂಬ ಅಡ್ಡಹೆಸರನ್ನು ಬಿರುದಿನಂತೆ ಹೊತ್ತವರು.

ಮೊದಲ ವರ್ಷಗಳಲ್ಲಿ ಕಳ್ಳ ಸಿ.ಡಿ. ಮಾರುವ ಅಂಗಡಿಗಳಿದ್ದವು. ಅಂಗಡಿಗೆ ಬಾಗಿಲಿತ್ತು, ಬೀಗ ಜಡಿಯಬಹುದಿತ್ತು. ಅಂತರ್ಜಾಲಕ್ಕೆ ಬಾಗಿಲೆಲ್ಲಿ? ಬೆಳಿಗ್ಗೆ ತೆಗೆಸಿದ ಹಾಡು ಊಟದ ಹೊತ್ತಿಗೆ ಬೇರೆ ಹೆಸರಿನ ತಾಣದಲ್ಲಿ ಕುಳಿತಿರುತ್ತಿತ್ತು.

“ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಕೆಲಸ ಕಣಪ್ಪ ಇದು. ಸಂಬಳ ಮೈನೋವಿಗೆ,” ಎಂದು ಹೊಸಬರಿಗೆ ಹೇಳುತ್ತಿದ್ದರು. ಆ ಹೊಸಬರು ತಪ್ಪಿ ಇನ್ನೊಬ್ಬರ ಹಾಡು ತೆಗೆಸಿದಾಗ ಬೈಗುಳವನ್ನು ತಾವೇ ತಿಂದರೇ ಹೊರತು ಕೆಳಗಿನವರ ಹೆಸರನ್ನು ಮೇಲಿನವರಿಗೆ ಹೇಳಲಿಲ್ಲ.

ಪೂರ್ತಿ ಗೆದ್ದದ್ದು ಒಂದೇ ಸಲ. ಹಳೆಯ ಹಾಡುಗಳನ್ನು ಪುಕ್ಕಟೆ ಹಂಚುತ್ತಿದ್ದ ರೇಡಿಯೊ ರಿಪೇರಿಯವನೊಬ್ಬ ಸಿಕ್ಕಿಬಿದ್ದ. ತಾಣ ಮುಚ್ಚಿತು. ರಾಜಿಯ ಷರತ್ತಿನಂತೆ ಸಾಹೇಬರ ಕಣ್ಣೆದುರೇ ಅವನ ಹಾರ್ಡ್ ಡಿಸ್ಕಿಗೆ ಡ್ರಿಲ್ ಹಾಕಿ ತೂತು ಕೊರೆದರು. ಆ ಹಾಡುಗಳು ಊಟದ ಹೊತ್ತಿಗೆ ಮರಳಲಿಲ್ಲ, ತಿಂಗಳಾದರೂ ಮರಳಲಿಲ್ಲ. ಕಚೇರಿ ಚಪ್ಪಾಳೆ ತಟ್ಟಿತು.

ಆಮೇಲೆ ಗಾಯಕಿಯೊಬ್ಬರು ಮಗಳೊಂದಿಗೆ ಬಂದರು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ದನಿ ಹೋಗಿತ್ತು, ಪಿಸುಮಾತಷ್ಟೇ ಉಳಿದಿತ್ತು.

“ಅಮ್ಮ ದಿನಾ ತನ್ನ ಹಾಡು ಕೇಳ್ತಾ ಇದ್ರು, ನೀವು ಮುಚ್ಚಿಸಿದ ಆ ತಾಣದಲ್ಲಿ. ಈಗ ಸಿಗ್ತಿಲ್ಲ. ನಿಮ್ಮ ಕಂಪನಿಗೇ ಹಾಡಿದ್ದಲ್ವಾ, ಒಂದು ಪ್ರತಿ ಕೊಡಿ,” ಎಂದಳು ಮಗಳು.

“ಅದಕ್ಕೇನಮ್ಮ, ಮೂಲ ಟೇಪೇ ಇದೆ,” ಎಂದು ಸಾಹೇಬರು ತಾವೇ ಉಗ್ರಾಣಕ್ಕೆ ಇಳಿದರು. ಟೇಪುಗಳು ತೇವಕ್ಕೆ ಅಂಟಿಕೊಂಡಿದ್ದವು. ಬಿಡಿಸಿದಲ್ಲೆಲ್ಲ ಹಾಡನ್ನು ಹಿಡಿದಿಟ್ಟ ಲೇಪವೇ ಕಂದು ಪುಡಿಯಾಗಿ ಉದುರಿತು.

ಇನ್ನೊಂದು ಪ್ರತಿ ಇದೆಯೇ ಎಂದು ಆ ರಿಪೇರಿಯವನ ರೇಡಿಯೊ ಅಂಗಡಿಗೆ ಓಡಿದರು. ಅವನು ಬೆಸುಗೆಯಿಂದ ತಲೆ ಎತ್ತಲಿಲ್ಲ.

“ನೀವೇ ನಿಂತು ತೂತು ಹೊಡೆಸಿದ್ರಲ್ಲ ಸಾರ್. ಬೇಡ ಅಂದೆ. ಕದ್ದ ಮಾಲಿನ ಮೇಲೆ ಮಮಕಾರ ಬೇರೆ ಕೇಡು ಅಂದ್ರಿ.”

ಸುದ್ದಿ ತಿಳಿಸಲು ಮನೆಗೆ ಹೋದಾಗ ಗಾಯಕಿ ಬೈಯಲಿಲ್ಲ. “ಕಳ್ಳನ ಮನೇಲಿ ಜೋಪಾನವಾಗಿತ್ತು,” ಎಂದು ಪಿಸುಗುಟ್ಟಿದರು. ಆಮೇಲೆ, “ತೆಗೆಸೋ ಮುಂಚೆ ಕೇಳಿದ್ರಾ? ಹೇಗಿತ್ತು?” ಎಂದರು.

ಸಾಹೇಬರು ಕೇಳಿರಲಿಲ್ಲ. ಹಾಗೆಂದೇ ಹೇಳಿದರು.

ಅಂದಿನಿಂದ ವಿಭಾಗದಲ್ಲಿ ಯಾವ ಹಾಡನ್ನೂ ಪೂರ್ತಿ ಕೇಳದೆ, ಮೂಲ ನೆಟ್ಟಗಿದೆಯೇ ಎಂದು ನೋಡದೆ ತೆಗೆಸುವಂತಿಲ್ಲ. ಕೆಲಸ ಕುಂಟಿತೆಂದು ಮೇಲಿನವರು ಗೊಣಗಿದರೂ ಅವರು ಆ ನಿಯಮ ಸಡಿಲಿಸಲಿಲ್ಲ. ಗಾಯಕಿಯ ಹಾಡುಗಳನ್ನು ಯಾರಾದರೂ ನಕಲು ಮಾಡಿಟ್ಟುಕೊಂಡಿರಬಹುದೆಂದು ಅವರು ಕಳ್ಳತಾಣಗಳನ್ನು ಜಾಲಾಡದ ದಿನವಿಲ್ಲ. ಜೀವಮಾನವೆಲ್ಲ ಕಳ್ಳರನ್ನು ಅಟ್ಟಿದವರು ಒಬ್ಬ ಕಳ್ಳನಿಗಾಗಿ ಕಾದರು. ಗಾಯಕಿ ಕಳೆದ ವರ್ಷ ತೀರಿಕೊಂಡರು.

ಈಗ ಸಾಹೇಬರು ನಿವೃತ್ತರಾಗುತ್ತಿದ್ದಾರೆ. ಅವರ ಆಯುಷ್ಯ ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಹುಡುಕಾಟ ನಡೆಯಲಿ. ಎಲ್ಲೋ ಒಬ್ಬ ಕಳ್ಳ ಅವರ ಕಣ್ಣಿಗೆ ಬೀಳಲಿ. ಈವರೆಗೆ ಬಿದ್ದಿಲ್ಲ. ಹೋದದ್ದು ಆ ಗಾಯಕಿಯ ಹದಿನಾಲ್ಕು ಹಾಡು.