ತೊಳೆದಿಟ್ಟ ಕಲ್ಲುಗಳು

ನಾನು ಹೇಳಿದ ಸುಳ್ಳುಗಳನ್ನು ಬಿಟ್ಟರೆ ಇದರಲ್ಲಿ ಎಲ್ಲವೂ ನಿಜ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಮಾರಲು ಹೊಗೆಬಂಡಿ ಹತ್ತಿ ಬೊಂಬಾಯಿಗೆ ಹೋಗಿದ್ದೆ. ಕೊಳ್ಳುವವರು ಒಬ್ಬ ಯಹೂದಿ ಮುದುಕರು. ನಮ್ಮಿಬ್ಬರ ಮಾತೆಲ್ಲ ಸಂತೆಯ ಉರ್ದುವಿನಲ್ಲಿ. "ಮೊದಲು ನಮ್ಮಪ್ಪನ ಗೋರಿ ನೋಡಿ ಬರೋಣ, ಆಮೇಲೆ ವ್ಯಾಪಾರ" ಅಂದರು.

ಅವರ ಹಳೇ ಸ್ಮಶಾನದಲ್ಲಿ, ಆ ಗೋರಿಯ ಮೇಲೆ ಸಣ್ಣ ಸಣ್ಣ ಕಲ್ಲುಗಳಿದ್ದವು. ಯಾರೋ ಕಿಡಿಗೇಡಿಗಳು ಎಸೆದಿರಬೇಕೆಂದು, ಅವರು ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಎಲ್ಲವನ್ನೂ ಗುಡಿಸಿ ಕೆಳಗೆ ಹಾಕಿದೆ.

"ಏನು ಮಾಡಿದಿರಿ? ಬಂಧುಗಳು ಬಂದಾಗೆಲ್ಲ ನೆನಪಿಗೆ ಇಟ್ಟ ಕಲ್ಲುಗಳವು" ಎಂದು ಮುದುಕರು ಬಿಳಿಚಿಕೊಂಡರು.

ಸೀರೆಗಂಟು ವಾಪಸ್ ಹೊರಬೇಕಾದೀತೆಂದು ಹೆದರಿ, "ತೊಳೆದಿಡೋಣ ಅಂತ ತೆಗೆದೆ ಸಾಹುಕಾರ್ರೇ. ನಮ್ಮ ಕಡೆ ಹಂಗೇ ಪದ್ಧತಿ ಐತೆ" ಅಂದೆ. ಒಂದೊಂದನ್ನೂ ತೊಳೆದಿಟ್ಟೆ. ಅವರು ಕಣ್ಣೊರೆಸಿಕೊಂಡು ಅಷ್ಟೂ ಸೀರೆ ಕೊಂಡರು.

ಮರುವರ್ಷ ಅವರೇ ನಮ್ಮೂರಿಗೆ ಬಂದು, "ನಡೀರಿ, ನಿಮ್ಮ ತಂದೆಯ ಕಲ್ಲು ತೊಳೆಯೋಣ" ಅಂದುಬಿಟ್ಟರು. ಅವರು ಊಟ ಮುಗಿಸುವಷ್ಟರಲ್ಲಿ ನಾನು ಗುಡ್ಡದ ಕಲ್ಲು ಆಯ್ದು ಅಪ್ಪನ ಸಮಾಧಿಯ ಮೇಲೆ ತುಂಬಿಸಿದ್ದೆ. ಇಬ್ಬರೂ ಕೂತು ತೊಳೆಯುತ್ತಿರುವಾಗ ಅವ್ವ ಬಂದಳು.

"ಲೇ, ನಿಮ್ಮಪ್ಪ ಇದ್ದಾಗ ಒಂದು ಚೊಂಬು ನೀರು ಕೊಡ್ಲಿಲ್ಲ. ಈಗ ಕಲ್ಲಿಗೆ ನೀರು ಹುಯ್ತಾ ಕುಂತೀಯಾ?"

ಕನ್ನಡ ಬಾರದ ಸಾಹುಕಾರರು, ತಾಯಿ ಏನಂದರೆಂದು ಕೇಳಿದರು. "ಮಂತ್ರ ಹೇಳಿದಳು" ಅಂದೆ.

ಅವರು ಭಕ್ತಿಯಿಂದ "ಆಮೇನ್" ಎಂದು ಇನ್ನೊಂದು ಕಲ್ಲು ಎತ್ತಿಕೊಂಡರು.