ನಾನು ಬೀಗ ಹಾಕಿದ ನಕ್ಷೆಗಳು

ದೆವ್ವ, ಗಾಳಿ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಜಮೀನು ಅಳೆಯುವ ಕೆಲಸದಲ್ಲಿ ಸ್ಮಶಾನದ ಪಕ್ಕ ಕೂತು ಬುತ್ತಿ ಉಂಡವನು ನಾನು. ಎಸ್ಸೆಸ್ಸೆಲ್ಸಿ ಓದಿದ ನನಗೇ ತಿಳಿಯುವುದು ಇವರಿಗೇಕೆ ತಿಳಿಯದು ಎಂದುಕೊಳ್ಳುತ್ತಿದ್ದೆ. ಈಗ ನಗುವುದಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಹೊಳೆನರಸೀಪುರದಲ್ಲಿ ಶಿವಣ್ಣ ಎಂಬ ಖಾಸಗಿ ಸರ್ವೆಯರ್ ಬಳಿ ಬಹಳ ವರ್ಷ ಇದ್ದೆ. ಮೊದಲು ಸರಪಳಿ ಹಿಡಿಯುತ್ತಿದ್ದೆ, ವಯಸ್ಸಾದ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಕಲಿತೆ. ನಮ್ಮಲ್ಲೊಂದು ಕ್ರಮವಿತ್ತು. ಅಳತೆ ಮುಗಿದ ಮೇಲೆ ಎರಡೂ ಕಡೆಯವರಿಂದ ಗಡಿಯ ಬಾಂದುಕಲ್ಲು ಮುಟ್ಟಿಸಿ, ಹೊಲದಲ್ಲಿರುವ ಮರ, ಬಾವಿ, ಸಮಾಧಿ ಎಲ್ಲವನ್ನೂ ಹಾಳೆಯ ಮೇಲೆ ಗುರುತಿಸಿ ಸಹಿ ಹಾಕಿಸುತ್ತಿದ್ದೆವು. ಆ ಹಾಳೆಯನ್ನು ಕಂಪ್ಯೂಟರಿಗೆ ಏರಿಸಿ, ಅಳತೆ ಮಾಡಿಸಿದವರಿಗೆ ಕೊಟ್ಟುಬಿಡುತ್ತಿದ್ದೆವು. ಕಂಪ್ಯೂಟರಿನಲ್ಲಿದ್ದದ್ದನ್ನು ಯಾರೂ ತೆರೆದು ಗೆರೆ ತಿದ್ದದಂತೆ ನಾನು ಪಾಸ್‌ವರ್ಡ್ ಹಾಕುತ್ತಿದ್ದೆ. ಎಲ್ಲ ಫೈಲಿಗೂ ಒಂದೇ ಪದ. ಶಿವಣ್ಣನವರು ಅದೇನೆಂದು ಕೇಳಲೇ ಇಲ್ಲ. "ನಿನ್ ತಲೇಲಿದ್ರೆ ಸಾಕು ಕಣಯ್ಯ. ನಂಗೊತ್ತಾದ್ರೆ ಸಂತೇಲೆಲ್ಲಾ ಏಳ್ಕಂಡ್ ಬತ್ತೀನಿ" ಎಂದು ನಗುತ್ತಿದ್ದರು.

ಒಮ್ಮೆ ಚನ್ನರಾಯಪಟ್ಟಣದ ಒಂದು ನಕ್ಷೆಯಲ್ಲಿ ಗೆರೆ ತಪ್ಪಿತು. ಶಿವಣ್ಣನವರು ಜನರ ಎದುರಿಗೇ, "ಕಣ್ಣೂ ಓಯ್ತು, ಬುದ್ಧೀನೂ ಓಯ್ತು ನಿಂಗೆ" ಎಂದುಬಿಟ್ಟರು. ಅದು ನನಗೆ ಚುಚ್ಚಿತು. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ಎದ್ದ ಮೇಲೆ ಹಾಸನದಲ್ಲಿ ಅಳತೆ ಕೆಲಸಕ್ಕೆ ಬರವಿರಲಿಲ್ಲ. ಹೊಳೆನರಸೀಪುರ ಬಿಟ್ಟು ಅಲ್ಲಿನ ಒಂದು ಆಫೀಸಿಗೆ ಸೇರಿಕೊಂಡೆ. ಶಿವಣ್ಣನವರು ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರು.

"ಮರ್ತೋಯ್ತು ಸಾ. ಬುದ್ಧಿ ಓಗ್ಬುಟ್ಟದಲ್ವಾ ನಂದು?" ಎಂದೆ.

ಮರೆತಿರಲಿಲ್ಲ. ನಾಲಗೆಯ ತುದಿಯಲ್ಲೇ ಇತ್ತು. ಅವರು ಮತ್ತೆ ಮತ್ತೆ ಕೇಳಿದರು. ಪ್ರತಿ ಸಲವೂ ಅದೇ ಸುಳ್ಳು ಹೇಳಿದೆ. ಹೇಳುವಾಗ ಸುಖವೂ ಆಗುತ್ತಿತ್ತು.

ಕೆಲವು ತಿಂಗಳ ನಂತರ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಪುಟ್ಟತಾಯಮ್ಮ ನನ್ನನ್ನು ಹುಡುಕಿಕೊಂಡು ಹಾಸನಕ್ಕೆ ಬಂದಳು. ನಾವು ಹಿಂದೆ ಅಳೆದಿದ್ದ ಅವಳ ಅರ್ಧ ಎಕರೆಯ ಅಂಚಿನಲ್ಲಿ ಗಂಡನ ಸಮಾಧಿ ಇತ್ತು. ಪಕ್ಕದ ದೊಡ್ಡ ಜಮೀನಿನವನು ಬಾಂದುಕಲ್ಲು ಕಿತ್ತು, ಅಲ್ಲಿಯವರೆಗೂ ತನ್ನದೇ ಎಂದು ಕೃಷಿ ಹೊಂಡ ತೆಗೆಯಲು ಹೊರಟಿದ್ದ. ಅವನೇ ಸಹಿ ಹಾಕಿದ್ದ ನಕ್ಷೆಯ ಪ್ರತಿ ಅವಳ ಪೆಟ್ಟಿಗೆಯಲ್ಲಿ ಗೆದ್ದಲು ತಿಂದು ಹೋಗಿತ್ತು. ಇನ್ನೊಂದು ಇದ್ದದ್ದು ನಾನು ಬೀಗ ಹಾಕಿದ ಫೈಲಿನಲ್ಲಿ.

"ಸೋಮಾರ ಜೇಸಿಬಿ ಬತ್ತದಂತೆ ಅಣ್ಣಯ್ಯ. ಅದು ಸಮಾಧೀನೇ ಅಲ್ಲ, ಬರೀ ಮಣ್ಗುಡ್ಡೆ ಅಂತಾನೆ. ಗುರುತಾಕ್ದೋನು ನೀನೇ ಅಲ್ವಾ? ನಮ್ಮೋರ ಮೂಳೆ ಬಕೆಟ್ಟಲ್ಲಿ ಬರಾದ್ನ ನಾನ್ ನೋಡ್ಬೇಕಾ?"

ಹಟ ಬಿಟ್ಟು ತಕ್ಷಣ ಶಿವಣ್ಣನವರಿಗೆ ಫೋನ್ ಮಾಡಿದೆ. "ಸಾ, ಪಾಸ್‌ವರ್ಡ್ ಬರ್ಕಳಿ" ಎಂದು ಬಾಯಿ ತೆರೆದೆ. ಪದ ಇರಲಿಲ್ಲ. ಮೊದಲ ಅಕ್ಷರವೂ ಇರಲಿಲ್ಲ. ಹಿಂದಿನ ದಿನವೂ ನೆನಪಿದ್ದ ಪದದ ಜಾಗ ಒರೆಸಿಟ್ಟ ಹಲಗೆಯಂತೆ ಖಾಲಿಯಾಗಿತ್ತು.

ಭಾನುವಾರ ಮಧ್ಯಾಹ್ನ ಅವಳೊಂದಿಗೆ ಹೊಳೆನರಸೀಪುರಕ್ಕೆ ಹೋದೆ. ಶಿವಣ್ಣನವರು ಆಫೀಸಿನ ಬೀಗದ ಕೈ ಕೊಟ್ಟು ಊಟಕ್ಕೆ ಹೋದರು. ನನ್ನ ಹಳೆಯ ಕುರ್ಚಿಯಲ್ಲಿ ಕೂತು ಮಕ್ಕಳ ಹೆಸರು, ದೇವರ ಹೆಸರು, ಊರಿನ ಹೆಸರು, ನೆನಪಿಗೆ ಬಂದದ್ದೆಲ್ಲ ಹೊಡೆದೆ. ಯಾವುದೂ ಆಗಲಿಲ್ಲ. ಕೊನೆಗೆ ತಡೆಯಲಾರದೆ ಪುಟ್ಟತಾಯಮ್ಮನಿಗೆ ನಿಜ ಹೇಳಿಬಿಟ್ಟೆ. ಅವಳು ಬೈಯಲಿಲ್ಲ.

"ಸುಳ್ಳಿಗೂ ಕಿವಿ ಅದೆ ಕಣಪ್ಪ, ಕೇಳುಸ್ಕಂಡ್ಬುಟ್ಟದೆ" ಎಂದು ಎದ್ದು ಹೋಗಿ, ಹೊಸ್ತಿಲ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಳು.

ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದೆ. ಪಾಸ್‌ವರ್ಡ್ ಕೇಳುವ ಖಾಲಿ ಜಾಗದಲ್ಲಿ ಒಂದು ಚುಕ್ಕೆ ಮೂಡಿತು. ಸ್ವಲ್ಪ ತಡೆದು ಇನ್ನೊಂದು. ಅಕ್ಷರ ಗೊತ್ತಿಲ್ಲದವರು ಕೀಲಿಮಣೆಯ ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿದಂತೆ, ನಿಧಾನವಾಗಿ. ಕೀಲಿಗಳು ಅಲುಗಲಿಲ್ಲ, ಸದ್ದೂ ಇಲ್ಲ. ಹನ್ನೊಂದು ಚುಕ್ಕೆ ಎಣಿಸಿದೆ. ಫೈಲು ತೆರೆದುಕೊಂಡಿತು. ಹೇಗೋ ಪ್ರಿಂಟ್ ತೆಗೆದು ಫೈಲು ಮುಚ್ಚಿದೆ.

ಪುಟ್ಟತಾಯಮ್ಮ ತಿರುಗಿ ನೋಡಿರಲಿಲ್ಲ, ನಾನು ಮಾತೂ ಆಡಿರಲಿಲ್ಲ. ಅಲ್ಲಿಂದಲೇ, "ಸಿಕ್ತಲ್ಲ, ಬಾ ಓಗಾವ" ಎಂದಳು.

ಮರುದಿನ ಊರಿನವರ ಎದುರಿಗೆ ಪಕ್ಕದ ಜಮೀನಿನವನು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಸಹಿ ನಂದೇಯ" ಎಂದು ಒಪ್ಪಿಕೊಂಡು ಜೇಸಿಬಿಯನ್ನು ವಾಪಸು ಕಳಿಸಿದ. ಸಮಾಧಿ ಉಳಿಯಿತು.

ಕಂಪ್ಯೂಟರ್ ಬಲ್ಲವರು ಇದನ್ನು ಕೇಳಿ ಏನೇನೋ ಕಾರಣ ಹೇಳುತ್ತಾರೆ. ಯಾವುದೂ ನಾನು ಕಂಡದ್ದಕ್ಕೆ ಹೊಂದುವುದಿಲ್ಲ. ನೂರಾರು ಮನೆಯವರ ನಕ್ಷೆಗಳು ಇನ್ನೂ ಅಲ್ಲೇ ಮುಚ್ಚಿಕೊಂಡು ಬಿದ್ದಿವೆ. ಶಿವಣ್ಣನವರ ಕಾಲು ಹಿಡಿದು ಎಲ್ಲ ಒಪ್ಪಿಕೊಂಡಿದ್ದೇನೆ. ಹನ್ನೊಂದು ಅಕ್ಷರದ ಎಷ್ಟೋ ಪದ ಹೊಡೆದು ನೋಡಿದ್ದೇನೆ. ಮೊನ್ನೆ ಕೊಣನೂರಿನಿಂದ ಅಣ್ಣ ತಮ್ಮ ಇಬ್ಬರು ನಕ್ಷೆ ಕೇಳಿಕೊಂಡು ಬಂದಿದ್ದರು. ಶಿವಣ್ಣನವರ ಆಫೀಸಿನ ಹೊರಗೆ ಅವರನ್ನು ಕೂರಿಸಿ, ಅಂದಿನಂತೆಯೇ ಕೈ ತೊಡೆಯ ಮೇಲಿಟ್ಟು ಸಂಜೆಯವರೆಗೂ ಕಾದೆ. ಒಂದು ಚುಕ್ಕೆಯೂ ಮೂಡಲಿಲ್ಲ. ಅಂದು ಬಂದವರು ಯಾರೋ, ತಮ್ಮದೊಂದನ್ನು ಬಿಡಿಸಿಕೊಂಡು ಹೋದರು. ಉಳಿದವರಿಗೆ ಉತ್ತರ ಹೇಳಬೇಕಾದವನು ನಾನೇ.